ಮುಂಡರಗಿಯ ಗರಗಸ, ಹೆಲ್ಗಕ್ಕನ ಹಲಗೆ

ಬೆಟಗೇರಿ

ಜರ್ಮನಿಗೆ ಹೋಗಿಬಂದ ಮೇಲೆ ಓಣಿಯ ಜನ ಮೊದಲು ಕೇಳಿದ್ದು, ಅಲ್ಲಿ ಏನೇನು ನೋಡಿದಿರಿ ಎಂದು. ಒಂದು ಅಡುಗೆಮನೆ, ಒಂದು ಅಂಗಳ, ಒಂದು ಶಾಲೆಯ ಆಟದ ಹಾಲ್ ನೋಡಿದೆ ಎಂದೆ. ಅಷ್ಟು ದೂರ ಹೋಗಿ ಇಷ್ಟೇನಾ ಎಂದರು. ಇಷ್ಟೇ. ಆದರೆ ಈ ಮೂರನ್ನೂ ನನ್ನಷ್ಟು ಗಮನವಿಟ್ಟು ನೋಡಿದವರು ನಮ್ಮ ಜಿಲ್ಲೆಯಲ್ಲಿ ಇನ್ನೊಬ್ಬರು ಇರಲಾರರು.

ನನ್ನದು ಬೆಟಗೇರಿಯಲ್ಲಿ ಫ್ಯಾಬ್ರಿಕೇಶನ್ ಅಂಗಡಿ. ಕಿಟಕಿಯ ಗ್ರಿಲ್, ಗೇಟು, ಟ್ರ್ಯಾಕ್ಟರ್ ಟ್ರೇಲರಿನ ಬಾಗಿಲು, ಇಂಥವು. ಅಪ್ಪ ಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ನಾನು ದಾರ ಬಿಟ್ಟು ಕಬ್ಬಿಣಕ್ಕೆ ಬಂದೆ. ಅಕ್ಕ ಶಾಂತಕ್ಕನನ್ನು ಲಕ್ಷ್ಮೇಶ್ವರಕ್ಕೆ ಕೊಟ್ಟಿದೆ. ಅವಳ ಮಗಳು ರೂಪಾ ಶಿರಹಟ್ಟಿಯ ಒಂದು ಐಟಿಐಯಲ್ಲಿ ಹುಡುಗರಿಗೆ ಪಾಠ ಹೇಳುತ್ತಾಳೆ. ಬಸ್ಸಿನಲ್ಲಿ ಹೋಗಿ ಬಂದು ಉಳಿದ ಹೊತ್ತಿನಲ್ಲಿ ಕಾದಾಡುವ ರೋಬೋಟ್ ಕಟ್ಟುತ್ತಾಳೆ. ಅಂದರೆ ರಿಮೋಟಿನಿಂದ ಓಡುವ ಸಣ್ಣ ಯಂತ್ರ. ಒಂದೂವರೆ ಕೆಜಿಗಿಂತ ಒಂದು ಗ್ರಾಮೂ ಹೆಚ್ಚಿರಬಾರದು. ದಪ್ಪ ಪಾರದರ್ಶಕ ಗೋಡೆಯ ಪೆಟ್ಟಿಗೆಯೊಳಗೆ ಇಂಥ ಎರಡನ್ನು ಬಿಟ್ಟು ಬಾಗಿಲು ಹಾಕುತ್ತಾರೆ. ಮೂರು ನಿಮಿಷ ಅವು ಒಂದನ್ನೊಂದು ಮುರಿಯಲು ನೋಡುತ್ತವೆ. ಹೊರಗೆ ನಿಂತವರು ಬಿಂಕದಕಟ್ಟಿಯ ಪ್ರಾಣಿಸಂಗ್ರಹಾಲಯದಲ್ಲಿ ಹುಲಿ ಎದ್ದು ನಿಂತಾಗ ಮಾಡುವಷ್ಟೇ ಸದ್ದು ಮಾಡುತ್ತಾರೆ.

ರೂಪಾಳ ರೋಬೋಟಿನ ಹೆಸರು ತಗಣಿ. ತಿಗಣೆಗೆ ನಮ್ಮ ಕಡೆ ಹಾಗೆ ಅನ್ನುತ್ತಾರೆ. ಚಪ್ಪಟೆಯಾಗಿದೆ, ಎಲ್ಲಿ ಬೇಕಾದರೂ ನುಗ್ಗುತ್ತದೆ, ಸುಲಭಕ್ಕೆ ಸಾಯುವುದಿಲ್ಲ. ಅದರ ವಿಡಿಯೋ ನೋಡಿ ಜರ್ಮನಿಯ ಒಂದು ಸಣ್ಣ ಕ್ಲಬ್ಬಿನವರು ತಮ್ಮ ಪಂದ್ಯಕ್ಕೆ ಕರೆದರು. ತಮ್ಮ ಜೊತೆಗೆ ಹೋದರೆ ಮಾತ್ರ ಕಳಿಸುತ್ತೇನೆ ಎಂದು ಅಕ್ಕ ಹೇಳಿದಳು. ತಮ್ಮ ಅಂದರೆ ನಾನು.

ಹೊರಡಲು ಎರಡು ದಿನ ಇದ್ದಾಗ, ಸೋಮವಾರ, ರೂಪಾ ತಗಣಿಯನ್ನು ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಬಂದಳು. ಮುಂಭಾಗದ ಅಲ್ಯುಮಿನಿಯಂ ಪಟ್ಟಿ ಸೊಟ್ಟಗಾಗಿತ್ತು. ಶಿರಹಟ್ಟಿಯಲ್ಲಿ ಹುಡುಗರ ಮುಂದೆ ಪರೀಕ್ಷೆಗೆಂದು ತಿರುಗುವ ಬ್ಲೇಡಿಗೆ ಎದುರು ಬಿಟ್ಟಿದ್ದಳಂತೆ. ಒಂದೇ ಏಟು.

"ಮಾಮಾ, ಮುಂದಿನ ಕವಚ ಬದಲಾಗಬೇಕು," ಎಂದಳು. "ನಾ ವಿಚಾರ ಮಾಡೀನಿ. ಅಡಿಗಿಮನಿಯೊಳಗ ಕಾಯಿಪಲ್ಲೆ ಹೆಚ್ಚತಾರಲ್ಲ, ಆ ಬಿಳಿ ಪ್ಲಾಸ್ಟಿಕ್ ಹಲಗಿ. ದಪ್ಪನ್ನದು. ಅದು ಏಟು ತಿಂತೈತಿ, ಮುರಿಯಂಗಿಲ್ಲ."

"ಪ್ಲಾಸ್ಟಿಕ್ಕಾ?" ಎಂದೆ. "ಮೂವತ್ತು ವರ್ಷ ಕಬ್ಬಿಣ ಕೊಯ್ದ ಕೈಲೆ ಈಗ ಬಕೀಟು ಕೊಯ್ಯಲೇನವಾ?"

"ಕಟಕ ರೊಟ್ಟಿ ಮುರೀತೈತಿ, ಬಿಸಿ ರೊಟ್ಟಿ ಮಡಚತೈತಿ. ಗಟ್ಟಿ ಇದ್ದದ್ದ ಉಳೀತೈತಿ ಅಂತ ಏನಿಲ್ಲ ಮಾಮಾ."

ರೊಟ್ಟಿಯ ವಿಷಯ ನನ್ನ ಅಂಗಡಿಯಲ್ಲಿ ಬೇಡ ಎಂದೆ. ಮುಂಡರಗಿಯಲ್ಲಿ ನನ್ನ ಗೆಳೆಯನ ಸಾಮಿಲ್ ಇದೆ. ಅಲ್ಲಿ ಹಲ್ಲು ಸವೆದ ದುಂಡು ಗರಗಸಗಳನ್ನು ಗೋಡೆಗೆ ಆನಿಸಿಟ್ಟಿರುತ್ತಾರೆ. ದಪ್ಪ ಒಂದು ಸೂತ, ಅಂದರೆ ಇಂಚಿನ ಎಂಟನೇ ಒಂದು ಪಾಲು. ಹದ ಮಾಡಿದ ಉಕ್ಕು. ಅದರಲ್ಲಿ ಒಂದು ತುಂಡು ಕೊಯ್ದರೆ ಜರ್ಮನಿಯ ಯಾವ ಬ್ಲೇಡೂ ಏನೂ ಮಾಡಲಾರದು ಎಂದು ಹೇಳಿದೆ. ಹೇಳುವಾಗ ಎದೆ ಸ್ವಲ್ಪ ಮುಂದೆ ಬಂದಿತ್ತು.

ಅವಳು ವಾದ ಮಾಡಲಿಲ್ಲ. "ಗೆಲ್ಲೂದು ಬ್ಯಾಡ ಮಾಮಾ. ಮೂರು ನಿಮಿಷ ನಿಂತರ ಸಾಕು. ನಮ್ಮ ಹುಡುಗರು ಅರವತ್ತು ಮಂದಿ ಮೊಬೈಲಿನ್ಯಾಗ ಲೈವ್ ನೋಡಾವ್ರದಾರ. ಮೊದಲನೇ ಏಟಿಗೆ ಚೂರಾದ್ರ, ವಾಪಸ್ ಬಂದು ಕ್ಲಾಸಿನ್ಯಾಗ ಯಾವ ಮುಖ ಇಟ್ಕೊಂಡು ನಿಲ್ಲಲಿ?"

ಮುಂಡರಗಿ

ಮಂಗಳವಾರ ಅಮವಾಸ್ಯೆ. ಅಮವಾಸ್ಯೆಗೆ ನಮ್ಮ ಅಂಗಡಿಯಲ್ಲಿ ಕಬ್ಬಿಣಕ್ಕೆ ಚಕ್ರ ತಾಗಿಸುವುದಿಲ್ಲ. ಅಪ್ಪ ಅಂದು ಮಗ್ಗ ನಿಲ್ಲಿಸುತ್ತಿದ್ದರು. ಮಗ್ಗ ಹೋಗಿ ಗ್ರೈಂಡರ್ ಬಂದರೂ ರೂಢಿ ಉಳಿಯಿತು. ನನ್ನ ಹಿರಿಯ ಕೆಲಸಗಾರ ಇಮಾಮಸಾಬ ಕೂಡ ಅಂದು ಗ್ರೈಂಡರಿಗೆ ಒಂದು ಹೂವು ಇಟ್ಟು ಮನೆಗೆ ಹೋಗುತ್ತಾನೆ. ನಂಬಿಕೆ ಇದೆಯೇ ಎಂದು ಯಾರಾದರೂ ಕೇಳಿದರೆ ನಾವಿಬ್ಬರೂ ಇಲ್ಲ ಎನ್ನುತ್ತೇವೆ. ಆದರೆ ಮುಟ್ಟುವುದಿಲ್ಲ.

ಹೀಗಾಗಿ ಮಂಗಳವಾರ ಇಡೀ ದಿನ ನಾನು ಕುರ್ಚಿಯಲ್ಲಿ ಕುಳಿತು ಕಳೆದೆ. ಬುಧವಾರ ಬೆಳಿಗ್ಗೆ ಮುಂಡರಗಿ ಬಸ್ಸು ಹತ್ತಿದೆ. ಮಧ್ಯಾಹ್ನಕ್ಕೆ ಗದಗಿನಿಂದ ಬೆಂಗಳೂರು ರೈಲು ಹಿಡಿಯಬೇಕಿತ್ತು.

ಹದ ಮಾಡಿದ ಉಕ್ಕನ್ನು ಕೊಯ್ಯುವ ಕ್ರಮ ನನಗೆ ಗೊತ್ತಿಲ್ಲದ್ದಲ್ಲ. ತೆಳು ಚಕ್ರ ಹಾಕಿ, ಮೇಲೆ ನೀರು ಬಿಡುತ್ತಾ, ಸ್ವಲ್ಪ ಕೊಯ್ದು ಸ್ವಲ್ಪ ನಿಲ್ಲಿಸಿ, ಕೈಗೆ ಬಿಸಿ ಹತ್ತದಂತೆ ನೋಡಿಕೊಳ್ಳಬೇಕು. ಎರಡು ತಾಸಿನ ಕೆಲಸ. ನನ್ನ ಬಳಿ ಇದ್ದದ್ದು ನಲವತ್ತು ನಿಮಿಷ. ಸಾಮಿಲ್ಲಿನ ಎದುರಿಗೇ ಗ್ಯಾಸ್ ಕಟಿಂಗಿನ ಅಂಗಡಿ. ಅಲ್ಲಿಯ ಮಲ್ಲಪ್ಪ ಗರಗಸದ ತಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಹತ್ತು ನಿಮಿಷದಲ್ಲಿ ಒಂದು ಗೇಣಿನ ತುಂಡು ಕೊಯ್ದ. ತೂತುಗಳನ್ನೂ ಬೆಂಕಿಯಿಂದಲೇ ಹಾಕಿದ. ತುಂಡು ಕೆಂಪಗೆ ಕೂತಿತ್ತು.

"ಅದರಷ್ಟಕ್ಕ ಅದು ಆರಲಿರಿ," ಎಂದ ಮಲ್ಲಪ್ಪ. "ಚಹಾ ಕುಡಿರಿ. ಅಷ್ಟರಾಗ ಆರತೈತಿ."

"ಬಸ್ಸು ಹೋಗತೈತೋ ಮಾರಾಯ," ಎಂದೆ. ಇಕ್ಕಳದಿಂದ ಎತ್ತಿ ಪಕ್ಕದ ನೀರಿನ ಬಕೆಟ್ಟಿಗೆ ಅದ್ದಿದೆ.

ಭುಸ್ ಎಂದಿತು. ಆಮೇಲೆ ಆ ಭುಸ್ಸಿನೊಳಗೆ ಒಂದು ಸಣ್ಣ 'ಟಿಕ್' ಕೇಳಿಸಿತು. ಬೆರಳಿನ ನೆಟಿಕೆ ಮುರಿದಷ್ಟೇ ಸದ್ದು. ಮಲ್ಲಪ್ಪ ನನ್ನ ಮುಖ ನೋಡಿದ. ನಾನು ಬಸ್ಸು ನೋಡಿದೆ.

ನನ್ನ ಕಸುಬಿನವರಿಗೆ ಆ ಟಿಕ್ ಏನು ಎಂದು ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ: ಉಕ್ಕು ಒಳಗೆ ಸೀಳಿತು ಎಂದು ಅರ್ಥ. ಕಣ್ಣಿಗೆ ಕಾಣದ ಕೂದಲೆಳೆ ಬಿರುಕು. ಹೊರಗಿನಿಂದ ತುಂಡು ಚೆನ್ನಾಗಿಯೇ ಕಾಣುತ್ತದೆ. ಗಟ್ಟಿ ಏಟು ಬಿದ್ದಾಗ ಮಾತ್ರ ಎರಡಾಗುತ್ತದೆ.

ಇದನ್ನು ಪರೀಕ್ಷಿಸುವ ವಿಧಾನ ಇದೆ. ತುಂಡನ್ನು ದಾರದಲ್ಲಿ ಇಳಿಬಿಟ್ಟು ಕೀಲಿಕೈಯಿಂದ ಬಡಿಯುವುದು. ಒಳ್ಳೆಯದಾದರೆ ಠಣ್ ಎಂದು ಬಹಳ ಹೊತ್ತು ಗುನುಗುತ್ತದೆ. ಸೀಳಿದ್ದರೆ ದಡ್ ಎಂದು ಸುಮ್ಮನಾಗುತ್ತದೆ. ಬೇಸಿಗೆ ಸೂಟಿಗೆ ಬಂದಾಗ ಎಂಟು ವರ್ಷದ ರೂಪಾಳಿಗೆ ಈ ವಿದ್ಯೆ ಕಲಿಸಿದವನು ನಾನೇ. ಇಡೀ ಅಂಗಡಿಯ ಕಬ್ಬಿಣವನ್ನೆಲ್ಲ ಬಡಿದು ಬಡಿದು ಇಮಾಮಸಾಬನ ತಲೆ ತಿಂದಿದ್ದಳು.

ಬಸ್ಸಿನಲ್ಲಿ ಆ ತುಂಡನ್ನು ಹಳೆಯ ಧೋತರದಲ್ಲಿ ಮೂರು ಸುತ್ತು ಸುತ್ತಿದೆ. ದಾರದಲ್ಲಿ ಇಳಿಬಿಡಲಿಲ್ಲ. ಹೇಳಬೇಕಿತ್ತು. ಆದರೆ ಬಕೆಟ್ಟು ಕೊಯ್ಯಲೇನು ಎಂದು ಎರಡು ದಿನದ ಹಿಂದಷ್ಟೇ ಕೇಳಿದ ಬಾಯಿ ನನ್ನದು. ರೈಲಿನಲ್ಲಿ ಹೇಳೋಣ ಅಂದುಕೊಂಡೆ.

ಬೆಂಗಳೂರು, ವಿಮಾನ ನಿಲ್ದಾಣ

ರೈಲಿನಲ್ಲಿ ಹೇಳಲಿಲ್ಲ. ರೂಪಾ ನಿದ್ದೆ ಮಾಡುತ್ತಿದ್ದಳು. ಅವಳು ಎಚ್ಚರವಿದ್ದಾಗ ನಾನು ನಿದ್ದೆ ಮಾಡಿದೆ.

ಗುರುವಾರ ವಿಮಾನದ ಕೌಂಟರಿನಲ್ಲಿ ನಮ್ಮ ದೊಡ್ಡ ಪೆಟ್ಟಿಗೆ ನಾಲ್ಕು ಕೆಜಿ ಹೆಚ್ಚು ತೂಗಿತು. ಅಕ್ಕ ಕಟಕ ರೊಟ್ಟಿಯ ಎರಡು ಡಬ್ಬಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಶೇಂಗಾ ಹೋಳಿಗೆ ಇಟ್ಟಿದ್ದಳು. ರೋಬೋಟಿನ ತೂಕಕ್ಕಾಗಿ ಗ್ರಾಮು ಗ್ರಾಮು ಲೆಕ್ಕ ಹಾಕಿದ ಹುಡುಗಿ ತಾಯಿಯ ಡಬ್ಬಿಗಳನ್ನು ತೂಗಿಯೇ ಇರಲಿಲ್ಲ. ಅಲ್ಲೇ ನೆಲದ ಮೇಲೆ ಪೆಟ್ಟಿಗೆ ಬಿಚ್ಚಿ ಕುಳಿತೆವು. ಹಿಂದೆ ಸಾಲಿನಲ್ಲಿದ್ದವರು ನಮ್ಮ ಊಟವನ್ನು ಪೂರ್ತಿಯಾಗಿ ನೋಡಿದರು.

ಡಬ್ಬಿ ಎಳೆಯುವಾಗ ಧೋತರದ ಗಂಟು ಸಡಿಲಾಗಿ ತುಂಡು ಜಾರಿ ಕಲ್ಲಿನ ನೆಲಕ್ಕೆ ಬಿತ್ತು.

ದಡ್.

ನಾನು ಜೋರಾಗಿ ಕೆಮ್ಮಿದೆ. ತಡವಾಗಿ ಕೆಮ್ಮಿದೆ ಎಂದು ನನಗೇ ಗೊತ್ತಾಯಿತು. ರೂಪಾ ಬಗ್ಗಿ ಪಾಸ್‌ಪೋರ್ಟ್ ಹುಡುಕುತ್ತಿದ್ದಳು. ತಲೆ ಎತ್ತಲಿಲ್ಲ. ಕೇಳಿಸಿಲ್ಲ ಅಂದುಕೊಂಡು ತುಂಡನ್ನು ಮತ್ತೆ ಸುತ್ತಿದೆ, ಈ ಸಲ ಐದು ಸುತ್ತು.

ಆ ಊರು, ಶುಕ್ರವಾರ ಮತ್ತು ಶನಿವಾರ

ಊರಿನ ಹೆಸರು ಬರೆಯಲು ನನಗೆ ಬರುತ್ತದೆ, ಹೇಳಲು ಬರುವುದಿಲ್ಲ. ಆದ್ದರಿಂದ ಆ ಊರು ಎಂದೇ ಇಟ್ಟುಕೊಳ್ಳೋಣ. ಹ್ಯಾನೋವರ್‌ನಿಂದ ರೈಲಿನಲ್ಲಿ ಒಂದು ತಾಸು. ಮುಂಡರಗಿಗಿಂತ ಸಣ್ಣದು, ಲಕ್ಷ್ಮೇಶ್ವರಕ್ಕಿಂತ ಮೌನ.

ರೈಲು ಇಳಿದು ಒಂದು ರಸ್ತೆ ದಾಟಬೇಕಿತ್ತು. ಕೆಂಪು ದೀಪ ಇತ್ತು. ಈ ಕಡೆಯಿಂದಲೂ ಆ ಕಡೆಯಿಂದಲೂ ಕಣ್ಣು ಹಾಯುವವರೆಗೆ ಒಂದು ಗಾಡಿಯೂ ಇರಲಿಲ್ಲ. ಆರು ಜನ ಸುಮ್ಮನೆ ನಿಂತಿದ್ದರು. ನಾನು ಗದಗಿನ ಮುಳಗುಂದ ನಾಕಾದಲ್ಲಿ ದಾಟುವಂತೆ ದಾಟಿದೆ. ಆ ಕಡೆ ಮುಟ್ಟಿ ತಿರುಗಿ ನೋಡಿದರೆ ಆರೂ ಜನ ನನ್ನನ್ನೇ ನೋಡುತ್ತಿದ್ದರು, ರೂಪಾಳೂ ಸೇರಿ ಏಳು. ಬೈದಿದ್ದರೆ ಚೆನ್ನಾಗಿತ್ತು. ವಾಪಸು ಹೋಗಿ ನಿಂತೆ. ಹಸಿರು ಬಂದ ಮೇಲೆ ಎಲ್ಲರೂ ದಾಟಿದೆವು.

ನಾವು ಇಳಿದುಕೊಂಡದ್ದು ಹೆಲ್ಗಾ ಎಂಬ ಎಪ್ಪತ್ತು ದಾಟಿದ ಹೆಣ್ಣುಮಗಳ ಮನೆಯ ಮೇಲಿನ ಕೋಣೆಯಲ್ಲಿ. ಎರಡನೇ ದಿನಕ್ಕೆ ನನ್ನ ಬಾಯಲ್ಲಿ ಅವರು ಹೆಲ್ಗಕ್ಕ ಆದರು. ಅವರಿಗೆ ಅಷ್ಟಿಷ್ಟು ಇಂಗ್ಲಿಷ್ ಬರುತ್ತಿತ್ತು, ನನಗೆ ಅದಕ್ಕಿಂತ ಕಡಿಮೆ. ನಡುವೆ ರೂಪಾ. ಹೋದ ಕೂಡಲೇ ಮನೆಯ ನಿಯಮಗಳ ಹಾಳೆ ಕೊಟ್ಟರು. ಯಾವ ಕಸ ಯಾವ ಡಬ್ಬಿಗೆ ಎಂಬುದಕ್ಕೇ ಒಂದು ಪುಟ. ಚಹಾದ ಚೀಲವನ್ನು ಬಿಚ್ಚಿ, ಎಲೆ ಒಂದು ಕಡೆ, ದಾರ ಒಂದು ಕಡೆ, ಕಾಗದ ಇನ್ನೊಂದು ಕಡೆ ಹಾಕಬೇಕೋ ಏನೋ ಎಂದು ಯೋಚಿಸಿ ಯೋಚಿಸಿ ನಾನು ಚಹಾ ಕುಡಿಯುವುದನ್ನೇ ಕಡಿಮೆ ಮಾಡಿದೆ. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ: ಭಾನುವಾರ ಸದ್ದು ಇಲ್ಲ.

ಅಕ್ಕ ಕಳಿಸಿದ ಕಟಕ ರೊಟ್ಟಿಯನ್ನು ಹೆಲ್ಗಕ್ಕ ಬೆಣ್ಣೆ ಸವರಿ ತಿಂದರು. ಹಲ್ಲು ಮುರಿಯಲಿಲ್ಲ. ಗಟ್ಟಿ ಪದಾರ್ಥ ಅವರಿಗೆ ಹೊಸದಲ್ಲ ಎಂದು ಕಂಡಿತು.

ಶನಿವಾರ ಶಾಲೆಯ ಹಾಲಿನಲ್ಲಿ ತೂಕ. ತೂಕದ ಮೇಜಿನ ಗಡ್ಡದ ಮನುಷ್ಯನ ಹೆಸರು ಯೋಖೆನ್. ಪಂದ್ಯ ನಡೆಸುವವರು ಅವರೇ. ಹಿಂದಿನ ರಾತ್ರಿ ರೂಪಾ ಗರಗಸದ ತುಂಡು ಕೂರಿಸಿದ್ದ ತಗಣಿಯನ್ನು ಎತ್ತಿ ತಕ್ಕಡಿಗೆ ಇಟ್ಟರು. ಒಂದು ಸಾವಿರದ ನಾಲ್ಕುನೂರ ಎಂಬತ್ತೇಳು ಗ್ರಾಂ. ಮುಂದಿನ ಕವಚ ಯಾವುದರದ್ದು ಎಂದು ಕೇಳಿದರು. ಸಾಮಿಲ್ಲಿನ ಗರಗಸದ್ದು ಎಂದು ರೂಪಾ ಹೇಳಿದಾಗ ಸುತ್ತಲಿದ್ದ ನಾಲ್ಕಾರು ಜನ ಹತ್ತಿರ ಬಂದು ನೋಡಿದರು. "ನಮ್ಮ ಮಾವ ಕೊಯ್ದದ್ದು," ಎಂದಳು ನನ್ನ ಕಡೆ ತೋರಿಸಿ. ಒಬ್ಬರು ನನ್ನ ಕೈ ಕುಲುಕಿದರು. ಯೋಖೆನ್ ಬೆರಳು ಮಡಚಿ ಕವಚವನ್ನು ಬಡಿಯಲು ಬಂದರು. ನಾನು ನಡುವೆ ಹೋಗಿ ಅವರ ಕೈಯನ್ನೂ ಹಿಡಿದು ಕುಲುಕಿದೆ. ಅವರಿಗೆ ಆಶ್ಚರ್ಯವಾಯಿತು, ಆದರೆ ಮರ್ಯಾದೆಯಿಂದ ಕುಲುಕಿದರು.

ಅಂದು ರೂಪಾ ಶಿರಹಟ್ಟಿಯ ಹುಡುಗರಿಗೆ ಫೋಟೋ ಕಳಿಸಿದಳು. ನಮ್ಮ ಕವಚ ನೋಡಿ ಇಲ್ಲಿಯವರು ಹೌಹಾರಿದ್ದಾರೆ ಎಂದು ಬರೆದಳು.

ಭಾನುವಾರ, ಬೆಳಿಗ್ಗೆ

ಪಂದ್ಯ ಸೋಮವಾರ. ಆ ಸೋಮವಾರವೂ ಅವರಿಗೆ ಏನೋ ಹಬ್ಬದ ಸೂಟಿ. ಭಾನುವಾರ ನಾಷ್ಟಾಕ್ಕೆ ಕುಳಿತಾಗ ರೂಪಾ ತಗಣಿಯನ್ನು ಮೇಜಿನ ಮೇಲಿಟ್ಟು ಸ್ಕ್ರೂ ನೋಡುತ್ತಿದ್ದಳು. ಹೆಲ್ಗಕ್ಕ ಬಿಳಿ ಹಲಗೆಯ ಮೇಲೆ ಬ್ರೆಡ್ ಕೊಯ್ಯುತ್ತಿದ್ದರು. ನಾನು ಬ್ರೆಡ್ಡಿನ ಕಡೆ ನೋಡುತ್ತಾ ಹೇಳಿದೆ.

"ಯವ್ವಾ, ಅದು ಸೀಳೈತಿ."

"ಯಾವುದು?"

"ಕವಚ. ಗ್ಯಾಸಿನ್ಯಾಗ ಕೊಯ್ಸಿದೆ. ಕೆಂಪಗ ಇದ್ದಾಗ ನೀರಿಗೆ ಹಾಕಿದೆ. ಮಲ್ಲಪ್ಪ ಬ್ಯಾಡ ಅಂದ. ಬಸ್ಸು ಹೋಗತೈತಿ ಅಂತ ನಾನ ಹಾಕಿದೆ. ಟಿಕ್ ಅಂತು. ನಂಗ ಅವತ್ತ ಗೊತ್ತಾತು."

ಅವಳು ಅಳುತ್ತಾಳೆ ಅಥವಾ ಬೈಯುತ್ತಾಳೆ ಎಂದು ಎರಡಕ್ಕೂ ಸಿದ್ಧನಾಗಿ ಕುಳಿತಿದ್ದೆ. ಅವಳು ಸ್ಕ್ರೂಡ್ರೈವರ್ ತಿರುಗಿಸಿ ಆರು ಸ್ಕ್ರೂ ಬಿಚ್ಚಿದಳು. ಕವಚ ತೆಗೆದು ಮೇಜಿನ ಮೇಲೆ ಇಟ್ಟಳು.

"ಆತು. ಈಗ ಏನ್ ಮಾಡೂಣ ಹೇಳು," ಎಂದಳು.

ಅಷ್ಟೇ. ನನಗೆ ಒಂದು ಕ್ಷಣ ಬೇಸರವೇ ಆಯಿತು. ಐದು ಸುತ್ತು ಧೋತರ ಸುತ್ತಿ ಕಾಪಾಡಿದ ಗುಟ್ಟಿಗೆ ಇಷ್ಟು ಕಡಿಮೆ ಬೆಲೆ ಎಂದು ಅಂದುಕೊಂಡಿರಲಿಲ್ಲ.

ಏನು ಮಾಡುವುದು ಎಂದರೆ ಮಾಡಲು ಏನೂ ಇರಲಿಲ್ಲ. ಕಬ್ಬಿಣದ ಅಂಗಡಿ, ಸಾಮಾನಿನ ಅಂಗಡಿ, ಹಾಲಿನ ಅಂಗಡಿ, ಎಲ್ಲ ಮುಚ್ಚಿದ್ದವು. ಗದಗಿನಲ್ಲಿ ಕರ್ಫ್ಯೂ ಹಾಕಿದರೂ ಯಾವನಾದರೂ ಅರ್ಧ ಶಟರ್ ಎತ್ತಿ ಒಳಗೆ ಕರೆಯುತ್ತಾನೆ. ಯೋಖೆನ್ ಅವರ ಮನೆಯಲ್ಲಿ ಕಾರ್ಖಾನೆಯಂಥ ಗ್ಯಾರೇಜ್ ಇದೆ ಎಂದು ಗೊತ್ತಿದ್ದರಿಂದ ರೂಪಾ ಫೋನ್ ಮಾಡಿದಳು. ಅವರು ತುಂಬಾ ಕನಿಕರದಿಂದ ಮಾತಾಡಿದರು. ಕೊನೆಗೆ, ಇಂದು ಭಾನುವಾರ ಅಲ್ಲವೇ ಎಂದರು. ಮೆಷೀನು ಹಾಕಿದರೆ ಬೀದಿಯವರೆಲ್ಲ ಬಾಗಿಲಿಗೆ ಬರುತ್ತಾರಂತೆ.

ನನಗೆ ಬೈಯಲು ಬಾಯಿ ಬರಲಿಲ್ಲ. ಮಂಗಳವಾರ ಕುರ್ಚಿಯಲ್ಲಿ ಕೂತವನು ನಾನು. ನಮಗೆ ಅಮವಾಸ್ಯೆ ತಿಂಗಳಿಗೊಂದು, ಇವರಿಗೆ ವಾರಕ್ಕೊಂದು. ಇವರನ್ನು ಕೇಳಿದರೂ ನಂಬಿಕೆ ಏನಿಲ್ಲ ಎನ್ನುತ್ತಿದ್ದರೇನೋ.

ಇಷ್ಟು ಹೊತ್ತೂ ಹೆಲ್ಗಕ್ಕ ಬ್ರೆಡ್ ಕೊಯ್ಯುವುದನ್ನು ನಿಲ್ಲಿಸಿ ನಮ್ಮ ಮುಖ ನೋಡುತ್ತಿದ್ದರು. ಏನಾಯಿತು ಎಂದು ಕೇಳಿದರು. ರೂಪಾ ಹೇಳಿದಳು. ಹೇಳುತ್ತಾ ಹೇಳುತ್ತಾ ಅವಳ ಕಣ್ಣು ಬ್ರೆಡ್ಡಿನ ಕೆಳಗೆ ಹೋಯಿತು. ನನ್ನ ಕಣ್ಣೂ ಹೋಯಿತು. ಬಿಳಿ ಹಲಗೆ. ಬೆರಳಿನಷ್ಟು ದಪ್ಪ. ಸಾವಿರ ಚಾಕುವಿನ ಗೆರೆ ಬಿದ್ದಿದ್ದವು, ಎಲ್ಲೂ ಸೀಳಿರಲಿಲ್ಲ.

ಹೆಲ್ಗಕ್ಕ ಬ್ರೆಡ್ ಎತ್ತಿ ತಟ್ಟೆಗಿಟ್ಟರು. ಹಲಗೆಯನ್ನು ತೊಳೆದು ಒರೆಸಿ ನನ್ನ ಮುಂದಿಟ್ಟರು. ಗಂಡ ಇದ್ದಾಗ ಕೊಂಡದ್ದಂತೆ. ನೆಲಮಾಳಿಗೆಗೆ ಹೋಗಿ ಅವರ ಕೈಗರಗಸ, ಕೈಯಿಂದ ತಿರುಗಿಸುವ ಡ್ರಿಲ್ ತಂದರು. ಒಂದೇ ಷರತ್ತು: ಸದ್ದು ಅಂಗಳದ ಗೋಡೆ ದಾಟಬಾರದು.

ಮೂವತ್ತು ವರ್ಷ ಕಬ್ಬಿಣ ಕೊಯ್ದ ಕೈ ಹೀಗೆ ಬಕೆಟ್ಟಿನ ಜಾತಿಗೆ ಬಂತು. ಅಂಗಳದ ಬೆಂಚಿನ ಮೇಲೆ ಒದ್ದೆ ಟವೆಲ್ ಹಾಸಿ, ಅದರ ಮೇಲೆ ಹಲಗೆ ಇಟ್ಟು, ಗೆರೆ ಎಳೆದೆ. ಪ್ಲಾಸ್ಟಿಕ್ ಕೊಯ್ಯುವುದು ಸುಲಭ ಎಂದು ತಿಳಿದವರು ಕೊಯ್ದು ನೋಡಬೇಕು. ಜೋರಾಗಿ ಎಳೆದರೆ ಬಿಸಿಯಾಗಿ ಕರಗಿ ಗರಗಸದ ಹಲ್ಲಿಗೆ ಅಂಟುತ್ತದೆ, ಹಲ್ಲು ಸಿಕ್ಕಿಕೊಳ್ಳುತ್ತದೆ. ನಿಧಾನಕ್ಕೆ, ಉದ್ದುದ್ದ ಎಳೆಯಬೇಕು. ಅವಸರ ಮಾಡುವವನನ್ನು ಅದು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಮುಂಡರಗಿಯಲ್ಲಿ ಉಕ್ಕಿಗೆ ಕೊಡದ ಎರಡು ತಾಸನ್ನು ನಾನು ಇಲ್ಲಿ ಅಡುಗೆಮನೆಯ ಹಲಗೆಗೆ ಕೊಟ್ಟೆ.

ಹೆಲ್ಗಕ್ಕ ಗೋಡೆಯ ಆಚೆ ರಸ್ತೆಗೆ ಹೋಗಿ ನಿಂತು ಸದ್ದು ಕೇಳುತ್ತದೆಯೇ ಎಂದು ನೋಡಿ ಬರುತ್ತಿದ್ದರು. ಕೇಳಿದರೆ ಕೈ ಆಡಿಸಿ ಇನ್ನೂ ಮೆಲ್ಲಗೆ ಎನ್ನುತ್ತಿದ್ದರು. ಒಂದಕ್ಕೆ ಹತ್ತು ನಿಮಿಷ ಇರುವಾಗ ಎದುರಿನ ಬಾಲ್ಕನಿಯ ಮುದುಕರೊಬ್ಬರು ಕೆಳಗಿಳಿದು ಬಂದರು. ಕೋಟು ಹಾಕಿಕೊಂಡೇ ಬಂದಿದ್ದರು. ಜಗಳಕ್ಕೆ ಬಂದಿದ್ದಾರೆ ಎಂದು ಎದ್ದು ನಿಂತೆ. ಅವರು ಗಡಿಯಾರ ತೋರಿಸಿ ಏನೋ ಹೇಳಿದರು. ರೂಪಾ ಹೆಲ್ಗಕ್ಕನಿಂದ ಕೇಳಿ ನನಗೆ ಹೇಳಿದಳು: ಒಂದರಿಂದ ಮೂರು ಮಧ್ಯಾಹ್ನದ ವಿಶ್ರಾಂತಿ, ಆಗ ಕೈಗರಗಸವೂ ಇಲ್ಲ.

"ಇನ್ನೂ ನಾಲ್ಕು ಬೆರಳು ಉಳದೈತ್ರಿ," ಎಂದೆ ಅಪ್ಪಟ ಕನ್ನಡದಲ್ಲಿ, ಹಲಗೆ ತೋರಿಸಿ.

ಮುದುಕರು ನಾಲ್ಕು ಬೆರಳನ್ನು ನೋಡಿದರು, ಗಡಿಯಾರ ನೋಡಿದರು. ಕೋಟು ಬಿಚ್ಚಿ ಮಡಚಿ ಬೆಂಚಿನ ಮೇಲಿಟ್ಟರು. ಹಲಗೆಯ ಇನ್ನೊಂದು ತುದಿಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದರು. ಅಲುಗಾಡುವುದು ನಿಂತ ಮೇಲೆ ಗರಗಸ ಬೆಣ್ಣೆಯಲ್ಲಿ ಹೋದಂತೆ ಹೋಯಿತು. ಒಂದಕ್ಕೆ ಒಂದು ನಿಮಿಷ ಇರುವಾಗ ತುಂಡು ಬೇರೆಯಾಯಿತು. ಅವರು ಕೋಟು ಹಾಕಿಕೊಂಡು, ತಲೆ ಬಾಗಿಸಿ, ವಿಶ್ರಾಂತಿಗೆ ಹೋದರು.

ಭಾನುವಾರ, ಒಂದರಿಂದ ಮೂರು

ಆ ಎರಡು ತಾಸು ನಾನೂ ರೂಪಾಳೂ ಅಂಗಳದ ಬೆಂಚಿನ ಮೇಲೆ ಸುಮ್ಮನೆ ಕುಳಿತೆವು. ಮಾತಾಡಬೇಕೆಂದರೆ ಪಿಸುಮಾತಿನಲ್ಲಿ ಆಡಬೇಕಿತ್ತು. ಅಷ್ಟು ಮೆಲ್ಲಗೆ ಮಾತಾಡುವುದು ನಮ್ಮ ಮನೆತನದಲ್ಲಿ ಇದೇ ಮೊದಲು.

"ಸಿಟ್ಟು ಬಂದಿಲ್ಲೇನವಾ?" ಎಂದು ಕೇಳಿದೆ.

"ಬಂದಿತ್ತು. ಗುರುವಾರ."

"ಗುರುವಾರ ಯಾಕ?"

"ಬೆಂಗಳೂರಾಗ ಕೆಳಗ ಬಿತ್ತಲ್ಲ ಮಾಮಾ. ದಡ್ ಅಂತಲ್ಲ."

ಗೋಡೆಯ ಮೇಲೆ ಒಂದು ಬೆಕ್ಕು ಸದ್ದಿಲ್ಲದೆ ಹೋಗುತ್ತಿತ್ತು.

"ಕಿವಿ ನೀನ ಕಲಿಸಿದ್ದು," ಎಂದಳು. "ನೀ ಕೆಮ್ಮಿದೆ. ಆಗ ಖಾತ್ರಿ ಆತು."

"ಮತ್ತ ಯಾಕ ಸುಮ್ನಿದ್ದಿ? ಅವತ್ತ ಕೇಳಬೇಕಿಲ್ಲೋ?"

"ನೀನ ಹೇಳ್ತಿ ಅಂತ ಕಾದೆ."

"ನಾ ಹೇಳದಿದ್ರ?"

ಅವಳು ಕತ್ತರಿಸಿದ ಹಲಗೆಯ ಅಂಚನ್ನು ಹೆಬ್ಬೆರಳಿನಿಂದ ಸವರಿದಳು. "ಅದನ್ನ ಹಾಕಿ ಇಳಸ್ತಿದ್ದೆ," ಎಂದಳು. "ಎಲ್ಲಾರ ಮುಂದ ನಮ್ಮ ಮಾವ ಕೊಯ್ದದ್ದು ಅಂತ ಹೇಳೀನಿ. ತಕ್ಕೊಂಡು ಒಗದು ಬ್ಯಾರೆ ಹಾಕಿದ್ರ, ನಿನ್ನ ಮಾರಿ ನೋಡಾಕ ನನ್ನ ಕಡಿಂದ ಆಗ್ತಿದ್ದಿಲ್ಲ."

ಅರವತ್ತು ಹುಡುಗರ ಮುಂದೆ ಚೂರಾಗುವುದಕ್ಕೆ ಅವಳು ತಯಾರಿದ್ದಳು. ನಾನು ಮಾತ್ರ ಒಂದು ಮಾತು ಹೇಳುವುದಕ್ಕೆ ತಯಾರಿರಲಿಲ್ಲ. ನನಗೆ ನಾಚಿಕೆಯಾಯಿತು. ಬೇರೆ ಯಾವ ಶಬ್ದದಿಂದಲೂ ಅದನ್ನು ಹೇಳಲಾರೆ. ಕಣ್ಣು ತುಂಬಿಬಂದವು, ಆ ಊರಿನಲ್ಲಿ ಮಧ್ಯಾಹ್ನ ಒಂದರಿಂದ ಮೂರರವರೆಗೆ ಮೂಗು ಏರಿಸುವುದಕ್ಕೂ ಅನುಮತಿ ಇದೆಯೋ ಇಲ್ಲವೋ ಗೊತ್ತಿರಲಿಲ್ಲವಾದ್ದರಿಂದ ಟವೆಲ್ಲಿನಿಂದ ಒರೆಸಿಕೊಂಡೆ.

ಮೂರು ಹೊಡೆದ ಕೂಡಲೇ ಹೆಲ್ಗಕ್ಕ ಬಾಗಿಲು ತೆರೆದು ಕಾಫಿ ತಂದರು. ನಾನು ಕೈಡ್ರಿಲ್ಲಿನಿಂದ ಆರು ತೂತು ಹಾಕಿದೆ. ಹಲಗೆ ಗರಗಸಕ್ಕಿಂತ ಹಗುರವಾದ್ದರಿಂದ ಉಳಿದ ತೂಕಕ್ಕೆ ಮೂತಿಯ ಮೇಲೆ ಇನ್ನೊಂದು ಪದರವನ್ನೇ ಕೂರಿಸಿದೆವು. ಸ್ಕ್ರೂವಿನ ತಲೆಯ ಕೆಳಗೆ ಅಗಲ ವಾಷರ್ ಬೇಕಿತ್ತು. ಹೆಲ್ಗಕ್ಕ ಗಂಡನ ಡಬ್ಬಿಯಿಂದ ಎಣಿಸಿ ಆರು ಕೊಟ್ಟರು.

ಸೋಮವಾರ

ಶಾಲೆಯ ಹಾಲಿನಲ್ಲಿ ನೂರಿನ್ನೂರು ಜನ ಇದ್ದರು. ಹೆಲ್ಗಕ್ಕ, ಎದುರಿನ ಬಾಲ್ಕನಿಯ ಮುದುಕರು ಇಬ್ಬರೂ ಬಂದು ಮೊದಲ ಸಾಲಿನಲ್ಲಿ ಕುಳಿತರು. ಯೋಖೆನ್ ಮತ್ತೆ ತೂಕ ಮಾಡಿದರು. ಗರಗಸ ಎಲ್ಲಿ ಎಂದು ಕೇಳಿದರು. ಈ ಸಲ ಉತ್ತರ ನಾನೇ ಕೊಟ್ಟೆ, ಇದ್ದಷ್ಟು ಇಂಗ್ಲಿಷಿನಲ್ಲಿ: ಗರಗಸ ನಾನು ಕೆಡಿಸಿದೆ, ಇದು ಬ್ರೆಡ್ಡಿನ ಹಲಗೆ. ಅವರು ನಗುತ್ತಾರೆ ಅಂದುಕೊಂಡಿದ್ದೆ. ಒಳ್ಳೆಯ ಪದಾರ್ಥ ಎಂದು ತಲೆದೂಗಿ ಚೀಟಿಯ ಮೇಲೆ ಬರೆದುಕೊಂಡರು.

ಮೊದಲ ಎದುರಾಳಿ ಒಬ್ಬ ಹಲ್ಲಿನ ಡಾಕ್ಟರು. ಅವರ ರೋಬೋಟಿನ ಮುಂದೆ ಒಂದು ಉಕ್ಕಿನ ಡೋಲು ಗಿರಗಿರನೆ ತಿರುಗುತ್ತಿತ್ತು. ಪಂದ್ಯಕ್ಕೆ ಮೊದಲು ಅವರು ನಮಗೆ ತಮ್ಮ ಹೆಚ್ಚಿನ ಬ್ಯಾಟರಿ ಬೇಕೇ ಎಂದು ವಿಚಾರಿಸಿದರು. ನಮ್ಮ ಕಡೆ ಕುಸ್ತಿಯಲ್ಲಿ ಎದುರಾಳಿ ಬಂದು ಉಂಡಿಯಾ ಎಂದು ಕೇಳಿದರೆ ಅನುಮಾನ ಬರುತ್ತದೆ. ಇವರು ನಿಜವಾಗಿಯೂ ಕೊಡಲು ಬಂದಿದ್ದರು.

ಪೆಟ್ಟಿಗೆಯ ಬಾಗಿಲು ಹಾಕಿದರು. ಶುರುವಾಗಿ ಐದು ಎಣಿಸುವುದರೊಳಗೆ ಡೋಲು ತಗಣಿಯ ಮೂತಿಗೆ ಬಡಿಯಿತು. ಪೆಟ್ಟಿಗೆಯೆಲ್ಲ ಬಿಳಿ ಚೂರು ಹಾರಿತು, ಕೊಬ್ಬರಿ ತುರಿದ ಹಾಗೆ. ನನ್ನ ಕೈ ತಾನಾಗಿ ರೂಪಾಳ ಭುಜ ಹಿಡಿಯಿತು. ಅವಳು ರಿಮೋಟಿನಿಂದ ಕಣ್ಣು ತೆಗೆಯದೆ, "ಕೈ ತಗಿ ಮಾಮಾ," ಎಂದಳು. ತಗಣಿ ಹಿಂದೆ ಸರಿದು ಮತ್ತೆ ನುಗ್ಗಿತು. ಮತ್ತೆ ಏಟು, ಮತ್ತೆ ಕೊಬ್ಬರಿ. ಆ ಗರಗಸದ ತುಂಡಾಗಿದ್ದರೆ ಮೊದಲ ಏಟಿಗೇ ಎರಡಾಗುತ್ತಿತ್ತು. ಇದು ಪೆಟ್ಟಿಗೆಯ ಹೊರಗಿದ್ದವರಲ್ಲಿ ನಮ್ಮಿಬ್ಬರಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಹಲಗೆ ಕಚ್ಚಿಸಿಕೊಂಡಿತು, ಸವೆಯಿತು, ಸೀಳಲಿಲ್ಲ. ಎರಡನೇ ನಿಮಿಷದಲ್ಲಿ ಡೋಲಿನ ಬೆಲ್ಟೇ ಹರಿದು ಡಾಕ್ಟರ ಯಂತ್ರಕ್ಕೆ ಓಡಾಡುವುದಷ್ಟೇ ಉಳಿಯಿತು. ತಗಣಿ ಅದನ್ನು ಮೂಲೆಗೆ ತಳ್ಳಿಕೊಂಡು ಹೋಯಿತು. ಗಂಟೆ ಬಾರಿಸಿದಾಗ ಅದು ಇನ್ನೂ ಓಡುತ್ತಿತ್ತು.

ಮೂರು ನಿಮಿಷ ನಿಂತಿತು. ಗೆದ್ದಿತು ಕೂಡ. ಶಿರಹಟ್ಟಿಯಿಂದ ಬಂದ ಸಂದೇಶಗಳಿಗೆ ರೂಪಾಳ ಮೊಬೈಲು ಬೆಂಚಿನ ಮೇಲೆ ತಾನೇ ನಡೆದಾಡಿತು. ಹೆಲ್ಗಕ್ಕ ಪಕ್ಕದವರಿಗೆ ಏನೋ ಹೇಳುತ್ತಿದ್ದರು. ಅದು ತಮ್ಮ ಹಲಗೆ ಎಂದು ಹೇಳುತ್ತಿದ್ದರು ಎಂದು ಕೈ ನೋಡಿದರೇ ತಿಳಿಯುತ್ತಿತ್ತು.

ಎರಡನೇ ಪಂದ್ಯ ಸೋತೆವು. ಅರ್ಧ ನಿಮಿಷವಾಗಿತ್ತಷ್ಟೇ. ಯಾರೂ ಮುಟ್ಟದೆ ತಗಣಿಯ ಎಡಗಾಲಿ ಕಳಚಿ ಉರುಳಿಕೊಂಡು ಹೋಯಿತು. ಅದು ಒಂದೇ ಕಡೆ ಗರಗರ ತಿರುಗುತ್ತಾ ನಿಂತಿತು. ಯೋಖೆನ್ ಹತ್ತು ಎಣಿಸಿದರು.

ನಾನು ಏನಾಯಿತು ಎಂದು ಕೇಳುವ ಮೊದಲೇ, ರಿಮೋಟ್ ಇನ್ನೂ ಕೈಯಲ್ಲಿರುವಾಗಲೇ, ರೂಪಾ ನನ್ನ ಕಡೆ ತಿರುಗಿದಳು.

"ನಂದ ತಪ್ಪು ಮಾಮಾ. ಎರಡು ಪಂದ್ಯದ ನಡುವ ಈ ಗಾಲಿ ಬದಲು ಮಾಡಿದ್ನಲ್ಲ, ಸ್ಕ್ರೂ ಬಿಗಿ ಮಾಡೂದು ಮರತೆ."

ಆಮೇಲೆ ಮೊಬೈಲ್ ತೆಗೆದುಕೊಂಡು ಅದನ್ನೇ ಹುಡುಗರಿಗೂ ಬರೆದಳು. ಗಾಲಿ ಬಿದ್ದು ನಾಲ್ಕು ನಿಮಿಷವೂ ಆಗಿರಲಿಲ್ಲ.

ಮತ್ತೆ ಬೆಟಗೇರಿ

ಮಂಗಳವಾರ ಅಂಗಡಿಗಳು ತೆರೆದವು. ಹೊರಡುವ ಮೊದಲು ಹೆಲ್ಗಕ್ಕನಿಗೆ ಒಂದು ಹೊಸ ಹಲಗೆ ಕೊಂಡು ಕೊಟ್ಟೆ. ಅವರು ಅದನ್ನು ಗೋಡೆಗೆ ನೇತುಹಾಕಿ, ಉಳಿದಿದ್ದ ಹಳೆಯ ಅರ್ಧದ ಮೇಲೆಯೇ ನಮಗೆ ಬ್ರೆಡ್ ಕೊಯ್ದು ಕಟ್ಟಿಕೊಟ್ಟರು. ಎದುರಿನ ಮುದುಕರಿಗೆ ಒಂದು ಡಬ್ಬಿ ಕಟಕ ರೊಟ್ಟಿ ಕೊಟ್ಟುಬಂದೆವು.

ರೂಪಾ ಕಚ್ಚಿದ ಗುರುತುಗಳ ಹಲಗೆಯನ್ನು ಶಿರಹಟ್ಟಿಯ ತನ್ನ ಕ್ಲಾಸಿಗೆ ಒಯ್ದಳು. ಸೀಳಿದ ಗರಗಸದ ತುಂಡನ್ನು ನಾನು ಇಟ್ಟುಕೊಂಡೆ. ವಾರ ಕಳೆದು ಮುಂಡರಗಿಗೆ ಹೋಗಿ ಅದೇ ತಟ್ಟೆಯ ಉಳಿದ ಭಾಗವನ್ನು ತಂದು, ತೆಳು ಚಕ್ರ ಹಾಕಿ, ನೀರು ಬಿಡುತ್ತಾ, ಎರಡು ತಾಸು ತೆಗೆದುಕೊಂಡು ಅಷ್ಟೇ ದೊಡ್ಡ ಇನ್ನೊಂದು ತುಂಡು ಕೊಯ್ದೆ. ಎರಡನ್ನೂ ಅಂಗಡಿಯ ತೊಲೆಗೆ ದಾರದಲ್ಲಿ ಇಳಿಬಿಟ್ಟಿದ್ದೇನೆ. ಪಕ್ಕದಲ್ಲಿ ಒಂದು ಕೀಲಿಕೈ.

ಗೇಟಿಗೋ ಗ್ರಿಲ್ಲಿಗೋ ಬಂದವರು ಅದು ಏನೆಂದು ಕೇಳುತ್ತಾರೆ. ಬಡಿದು ನೋಡಿರಿ ಎನ್ನುತ್ತೇನೆ. ಒಂದು ಠಣ್ ಎನ್ನುತ್ತದೆ, ಒಂದು ದಡ್ ಎನ್ನುತ್ತದೆ. ಇದಕ್ಕೇನಾಯಿತು, ಯಾರು ಕೆಡಿಸಿದರು ಎಂದು ಕೇಳುತ್ತಾರೆ. ಇಮಾಮಸಾಬ ನನ್ನ ಕಡೆ ನೋಡಿ ಕೆಮ್ಮುತ್ತಾನೆ.

"ನಾನ ಕೆಡಸಿದ್ನಿರಿ," ಎನ್ನುತ್ತೇನೆ. ಮೊದಲ ಸಲ ಇದನ್ನು ಹೇಳಲು ಬುಧವಾರದಿಂದ ಭಾನುವಾರದವರೆಗೆ ಬೇಕಾಗಿತ್ತು. ಈಗ ದಡ್ ಎಂಬ ಸದ್ದು ನಿಲ್ಲುವುದರೊಳಗೆ ಹೇಳಿಬಿಡುತ್ತೇನೆ.